ನಿಂತ ಸ್ಟೀಮ್ ಎಂಜಿನ್ನಿಗೆ ತುಕ್ಕು ಹಿಡಿಯದ ಹಾಗೆ

ಮುಂಬೈ ಡಾಕ್‌ನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದೆ. ಸ್ಕಾಟ್ಲೆಂಡಿನ ‘ಮೇಡ್ ಆಫ್ ದಿ ಲಾಕ್’ ಅಂದರೆ ನನಗೆ ಪ್ರಾಣ. ಗ್ಲಾಸ್ಗೋದಲ್ಲಿ ಕಟ್ಟಿ, ಬಿಡಿಬಿಡಿಯಾಗಿ ರೈಲಿನಲ್ಲಿ ತಂದು, 1953ರಲ್ಲಿ ಲಾಕ್ ಲೋಮಂಡ್ ಸರೋವರಕ್ಕೆ ಇಳಿಸಿದ ಪಕ್ಕದ ದೊಡ್ಡ ಚಕ್ರಗಳಿಂದ ನೀರು ತಳ್ಳಿ ಸಾಗುವ ಉಗಿ ಹಡಗು. 1981ರಲ್ಲಿ ಓಟ ನಿಂತಿತು. ಮುಂದೆ ಸ್ವಯಂಸೇವಕರು ಅದರ ಕೈ ಹಿಡಿದರು.

ಡೊಂಬಿವಲಿಯ ನಮ್ಮ ಹುಡುಗರು ಇಂಥದ್ದನ್ನು ಉಳಿಸುವುದು ಹೇಗೆ ಕಾಕಾ ಅಂತ ಕೇಳುತ್ತಾರೆ. ಬಾಯ್ಲರಿನ ನೀರು ಪೂರ್ತಿ ಬಸಿದು ಒಣಗಿಸಿ. ಗಾಳಿ ಚೆನ್ನಾಗಿ ಆಡಿದ ಮೇಲೆಯೇ ಒಳಗೆ ಇಳಿಯಿರಿ. ತಟ್ಟೆಗಳಲ್ಲಿ ಸುಟ್ಟ ಸುಣ್ಣ ಇಟ್ಟು ಮುಚ್ಚಳ ಬಿಗಿಯಿರಿ. ತಟ್ಟೆ ಅರ್ಧವೇ ತುಂಬಿ, ತೇವ ಹೀರಿದ ಸುಣ್ಣ ಉಬ್ಬುತ್ತದೆ.

ಇನ್ನು ಎಂಜಿನ್. ಸಿಲಿಂಡರಿಗೆ ಎಣ್ಣೆ ಬಿಟ್ಟು, ವಾರಕ್ಕೊಮ್ಮೆ ಚಕ್ರ ತಿರುಗಿಸುವ ದಂಡವಾದ ಶಾಫ್ಟನ್ನು ಕೈಯಿಂದ ಒಂದೂಕಾಲು ಸುತ್ತು ತಿರುಗಿಸಿ. ಸರಿಯಾಗಿ ಒಂದೇ ಸುತ್ತಾದರೆ ಪಿಸ್ಟನ್ ಹಳೇ ಜಾಗದಲ್ಲೇ ಬಂದು ಕೂರುತ್ತದೆ, ಅಲ್ಲೇ ತುಕ್ಕು ಕಚ್ಚುತ್ತದೆ. ಒಂದು ಮಳೆಗಾಲ ಪೂರ್ತಿ ನಾನೊಂದು ಸ್ಟೀಮ್ ಪಂಪನ್ನು ತಿರುಗಿಸದೆ ಬಿಟ್ಟಿದ್ದೆ. ಪಿಸ್ಟನ್ನಿನ ಸುತ್ತಲ ರಿಂಗುಗಳು ಸಿಲಿಂಡರಿನ ಗೋಡೆಗೆ ಅಂಟಿಕೊಂಡಿದ್ದವು. ಡೀಸೆಲ್ ಸುರಿದು, ಎರಡು ದಿನ ಕಾದು, ಮರದ ತುಂಡು ಇಟ್ಟು ಮೆಲ್ಲಗೆ ಬಡಿದು ಬಿಡಿಸಬೇಕಾಯಿತು. ಬಿಟ್ಟ ಜಾಗದಲ್ಲಿ ಬಳೆಯಷ್ಟು ದುಂಡಗೆ ಕೆಂಪು ಗೆರೆ.