ಒಗರನ್ನು ಕಹಿ ಅನ್ನಬೇಡಿ: ವೈನ್‌ನ ಮೊದಲ ಪದಗಳನ್ನು ಕೊಡಗಿನ ಅಡುಗೆಮನೆಯಲ್ಲೇ ಕಲಿಯುವ ಬಗೆ

ಮಡಿಕೇರಿಯ ಮಸಾಲೆ ಅಂಗಡಿಗಳಲ್ಲಿ ‘ಹೋಮ್‌ಮೇಡ್ ವೈನ್’ ಬಾಟಲಿಗಳು ಸಾಲಾಗಿ ನಿಂತಿರುತ್ತವೆ: ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ಪ್ಯಾಷನ್ ಫ್ರೂಟ್, ವೀಳ್ಯದೆಲೆ, ಗಾಂಧಾರಿ ಮೆಣಸು. ಹೆಚ್ಚಿನವು ಸಿಹಿ. ಈ ರುಚಿಗೆ ಒಗ್ಗಿದ ನಾಲಿಗೆ ಮೊದಲ ಸಲ ಡ್ರೈ ರೆಡ್ ವೈನ್ ಮುಟ್ಟಿದಾಗ ಬಾಯಿಂದ ಬರುವ ಮಾತು ‘ಅಯ್ಯೋ, ಕಹಿ’. ಬಹುತೇಕ ಸಲ ಅದು ಕಹಿಯಲ್ಲ, ಒಗರು. ಅಡಿಕೆ, ಬಾಳೆಕಾಯಿ, ನೆಲ್ಲಿಕಾಯಿ ಕಚ್ಚಿದ ಮಗುವಿಗೂ ಗೊತ್ತಿರುವ ಈ ಪದ ವೈನ್ ಕಲಿಯುವ ಕನ್ನಡಿಗರಿಗೆ ದೊಡ್ಡ ಆಸ್ತಿ. ಮೊದಲು ಬಾಯಿಗೆ ಏನಾಗುತ್ತಿದೆ ಎಂದು ಗಮನಿಸಿ, ಆಮೇಲೆ ಅದಕ್ಕೆ ವೈನ್‌ನವರು ಇಟ್ಟ ಹೆಸರು ಕಲಿಯಿರಿ. ಹೆಸರನ್ನು ಮೊದಲು ಬಾಯಿಪಾಠ ಮಾಡಿದರೆ ಯಾವುದೂ ನಿಲ್ಲುವುದಿಲ್ಲ.

ಮೊದಲು ಬಾಯಿಯ ಪದಗಳು

ಇದಕ್ಕೆ ವೈನ್ ಬೇಡ. ನಾಲ್ಕು ಗಾಜಿನ ಲೋಟ, ನಿಂಬೆಹಣ್ಣು, ಸಕ್ಕರೆ, ಟೀ ಪುಡಿ, ಹಾಲು, ಒಂದು ಹಾಗಲಕಾಯಿ ಸಾಕು. ಅರ್ಧ ಗಂಟೆ ಮುಂಚೆಯಿಂದ ಕಾಫಿ, ವೀಳ್ಯ, ಖಾರ ಯಾವುದೂ ಬೇಡ.

ಒಗರು ಕೊಡುವ ಅಂಶವಾದ ಟ್ಯಾನಿನ್‌ನಿಂದ ಶುರು ಮಾಡಿ, ಹೆಚ್ಚು ಜನ ಎಡವುವುದು ಇಲ್ಲೇ. ಎರಡು ಚಮಚ ಟೀ ಪುಡಿಗೆ 150 ಮಿಲಿ ಕುದಿಯುವ ನೀರು ಹಾಕಿ 10 ನಿಮಿಷ ಬಿಡಿ. ಸಕ್ಕರೆ, ಹಾಲು ಏನೂ ಹಾಕದೆ ಸೋಸಿ, ಉಗುರುಬೆಚ್ಚಗಾದ ಮೇಲೆ ಒಂದು ಗುಟುಕು ಬಾಯಲ್ಲಿ ಸುತ್ತಾಡಿಸಿ ನುಂಗಿ. ಈಗ ನಾಲಿಗೆಯನ್ನು ಮುಂದಿನ ಹಲ್ಲಿನ ವಸಡಿನ ಮೇಲೆ ಎಳೆಯಿರಿ. ಬಟ್ಟೆಯ ಮೇಲೆ ಎಳೆದ ಹಾಗೆ ತಡೆಯುತ್ತದೆ, ಜಾರುವುದಿಲ್ಲ. ಚಹಾದ ಟ್ಯಾನಿನ್ ಎಂಜಲಿನ ಪ್ರೋಟೀನ್‌ಗೆ ಅಂಟಿಕೊಂಡು ಅದರ ಜಾರುಗುಣವನ್ನೇ ಕಿತ್ತುಕೊಂಡಿದೆ. ಇದೇ ಒಗರು. ಅದೇ ಲೋಟಕ್ಕೆ ಎರಡು ಚಮಚ ಹಾಲು ಹಾಕಿ ಮತ್ತೆ ಕುಡಿಯಿರಿ. ಹಾಲಿನ ಪ್ರೋಟೀನ್ ಟ್ಯಾನಿನ್ನನ್ನು ಮೊದಲೇ ಹಿಡಿದುಕೊಳ್ಳುವುದರಿಂದ ವಸಡಿಗೆ ಬಿಡುವು ಸಿಗುತ್ತದೆ. ಒಗರಿನ ರೆಡ್ ವೈನ್ ಮಾಂಸದ ಜೊತೆ ಮೃದುವಾಗಿ ಕಾಣುವುದಕ್ಕೂ ಇದೇ ಬಗೆಯ ಕಾರಣವಿದೆ. ಕಹಿ ಎಂದರೇನು ಎಂದು ನೆನಪಿಸಿಕೊಳ್ಳಲು ಹಾಗಲಕಾಯಿಯ ಒಂದು ತೆಳು ಬಿಲ್ಲೆ ಅಗಿಯಿರಿ. ಅದು ನಾಲಿಗೆಯ ಮೇಲೆ ಕೂತು ಕಾಡುತ್ತದೆ, ವಸಡನ್ನು ಹಿಡಿಯುವುದಿಲ್ಲ. ಕಹಿ ರುಚಿ, ಒಗರು ಸ್ಪರ್ಶ.

ರೆಡ್ ವೈನ್‌ನಲ್ಲಿ ಟ್ಯಾನಿನ್ ಹೆಚ್ಚಿರುವುದೇಕೆಂದರೆ ಅಲ್ಲಿ ರಸ ಸಿಪ್ಪೆ, ಬೀಜಗಳ ಜೊತೆಯಲ್ಲೇ ಹುದುಗುತ್ತದೆ. ವೈಟ್‌ಗೆ ಸಾಮಾನ್ಯವಾಗಿ ದ್ರಾಕ್ಷಿಯನ್ನು ಮೊದಲೇ ಹಿಂಡಿ ಸಿಪ್ಪೆ ಬೇರೆ ಮಾಡುತ್ತಾರೆ.

ಇನ್ನು ಆಸಿಡಿಟಿ, ಅಂದರೆ ಹುಳಿ. 200 ಮಿಲಿ ನೀರಿಗೆ ಅರ್ಧ ಚಮಚ ನಿಂಬೆರಸ ಹಾಕಿ ಕುಡಿದು ಬಾಯಿ ಮುಚ್ಚಿ ಕೂರಿ. ಕೆನ್ನೆಯ ಒಳಗಿನಿಂದ ನೀರೂರುತ್ತದೆ. ಎಷ್ಟು ಬೇಗ, ಎಷ್ಟು ಹೊತ್ತು ಊರಿತು ಎಂಬುದೇ ಅಳತೆ. ಟ್ಯಾನಿನ್ ಬಾಯಿ ಒಣಗಿಸುತ್ತದೆ, ಹುಳಿ ನೀರೂರಿಸುತ್ತದೆ. ಎರಡೂ ಒಟ್ಟಿಗೆ ಇರುವ ವೈನ್‌ನಲ್ಲಿ ಗೊಂದಲವಾದರೆ ಈ ವ್ಯತ್ಯಾಸವನ್ನೇ ಹುಡುಕಿ. ಹುಳಿ ಹಿತವಾಗಿ ಚುರುಕಾಗಿದ್ದರೆ ‘ಕ್ರಿಸ್ಪ್’ ಎನ್ನುತ್ತಾರೆ, ಕಡಿಮೆಯಾಗಿ ಸಪ್ಪೆ ಬಿದ್ದರೆ ‘ಫ್ಲ್ಯಾಟ್’. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕದ ಪಂದಿ ಕರಿ (ಹಂದಿಮಾಂಸದ ಪದಾರ್ಥ) ನೆನೆಸಿಕೊಳ್ಳಿ, ಫ್ಲ್ಯಾಟ್ ಪದದ ಅರ್ಥ ಅಲ್ಲಿದೆ.

ಡ್ರೈ ಎಂಬುದು ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವ ಪದ. ಅದಕ್ಕೆ ಒಂದೇ ಅರ್ಥ: ಸಕ್ಕರೆ ಉಳಿದಿಲ್ಲ, ಅಥವಾ ನಾಲಿಗೆಗೆ ತಿಳಿಯುವಷ್ಟು ಉಳಿದಿಲ್ಲ. ಬಾಯಿ ಒಣಗಿಸುವ ವೈನ್ ಡ್ರೈ ಅಲ್ಲ, ಟ್ಯಾನಿಕ್. ಯುರೋಪಿನ ನಿಯಮದಲ್ಲಿ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆಯಿದ್ದರೆ ಡ್ರೈ (ಹುಳಿ ಹೆಚ್ಚಿದ್ದರೆ 9 ಗ್ರಾಂವರೆಗೂ ಒಪ್ಪುತ್ತಾರೆ), 45 ಗ್ರಾಂ ದಾಟಿದರೆ ಸ್ವೀಟ್. ಹುಳಿಯ ಲೆಕ್ಕ ಇಲ್ಲಿ ಯಾಕೆ ಬಂತು ಎಂದು ಲೋಟದಲ್ಲೇ ನೋಡಬಹುದು. 200 ಮಿಲಿ ನೀರಿಗೆ ಅರ್ಧ ಚಮಚ, ಸುಮಾರು 2 ಗ್ರಾಂ, ಸಕ್ಕರೆ ಕರಗಿಸಿ. ಸಣ್ಣ ಸಿಹಿ ಗೊತ್ತಾಗುತ್ತದೆ. ಅದಕ್ಕೇ ಒಂದು ಚಮಚ ನಿಂಬೆರಸ ಹಾಕಿ. ಸಕ್ಕರೆ ಅಷ್ಟೇ ಇದೆ, ಸಿಹಿ ಮಾತ್ರ ಅಡಗಿಹೋಗಿದೆ.

‘ಫ್ರೂಟಿ’ ಎಂದರೆ ಸಿಹಿ ಎಂದುಕೊಳ್ಳುವುದು ಇದರ ಪಕ್ಕದ ತಪ್ಪು. ಹಣ್ಣಿನ ಘಮ ಬಂದಾಗ ಮಿದುಳು ಸಿಹಿಯನ್ನೂ ತಾನೇ ಸೇರಿಸಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಮೂಗು ಹಿಡಿದುಕೊಂಡು ಗುಟುಕು ತೆಗೆದುಕೊಳ್ಳಿ. ಆಗಲೂ ಸಿಹಿ ಉಳಿದರೆ ಅದು ಸಕ್ಕರೆ, ಮಾಯವಾದರೆ ಅದು ಬರೀ ಘಮ.

ಬಾಡಿ ಎಂದರೆ ಬಾಯಲ್ಲಿ ಅದರ ತೂಕ. ಕೆನೆ ತೆಗೆದ ಹಾಲು, ಗಟ್ಟಿ ಹಾಲು ಒಂದೊಂದು ಗುಟುಕು ಕುಡಿದು ನೋಡಿ. ಕಾಫಿ ಕಪ್ಪಿಂಗ್ (ರುಚಿ ಪರೀಕ್ಷೆ) ಮಾಡಿ ಗೊತ್ತಿರುವ ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅವರು ಬಾಡಿ, ಆಸಿಡಿಟಿ ಪದಗಳನ್ನು ಬಳಸುವುದು ಇದೇ ಅರ್ಥದಲ್ಲಿ. ವೈನ್‌ನಲ್ಲಿ ಈ ತೂಕದ ದೊಡ್ಡ ಪಾಲು ಆಲ್ಕೋಹಾಲಿನದು. ಲೇಬಲ್ ಮೇಲೆ 12.5 ಶೇಕಡಕ್ಕಿಂತ ಕಡಿಮೆ ಇದ್ದರೆ ಲೈಟ್, 13.5 ದಾಟಿದರೆ ಫುಲ್ ಎಂದು ಅಂದಾಜಿಸಬಹುದು. ನುಂಗಿದ ಮೇಲೆ ಗಂಟಲಲ್ಲಿ ಬಿಸಿ ಏಳುವುದು ಆಲ್ಕೋಹಾಲ್. ಶುಂಠಿ ವೈನ್‌ನಲ್ಲಿ ಮಾತ್ರ ಈ ಲೆಕ್ಕ ಕೆಡುತ್ತದೆ, ಅಲ್ಲಿ ಬಿಸಿಯ ಒಂದು ಭಾಗ ಶುಂಠಿಯದೇ.

ನುಂಗಿದ ಮೇಲೆ ರುಚಿ ಉಳಿಯುವ ಹೊತ್ತಿಗೆ ಫಿನಿಷ್ ಎನ್ನುತ್ತಾರೆ. ಮನಸ್ಸಿನಲ್ಲಿ ಎಣಿಸಿ: ಐದರೊಳಗೆ ಹೋದರೆ ಗಿಡ್ಡ, ಹತ್ತು ದಾಟಿದರೆ ಉದ್ದ.

ಮೂಗಿನ ಪದಗಳು ತೋಟದಲ್ಲಿವೆ

ಲೋಟದ ಮೂರನೇ ಒಂದು ಭಾಗ ಮೀರದಂತೆ, ಸುಮಾರು 60 ಮಿಲಿ, ಸುರಿಯಿರಿ. ತುಂಬಿಸಿದರೆ ತಿರುಗಿಸಲು ಜಾಗವಿಲ್ಲ, ಘಮ ನಿಲ್ಲಲೂ ಜಾಗವಿಲ್ಲ. ಮೇಜಿನ ಮೇಲಿಟ್ಟೇ ಬುಡ ಹಿಡಿದು ನಾಲ್ಕೈದು ಸುತ್ತು ತಿರುಗಿಸಿ, ಮೂಗು ಒಳಗಿಟ್ಟು ಚಿಕ್ಕದಾಗಿ ಎರಡು ಸಲ ಎಳೆಯಿರಿ. ಉದ್ದ ಉಸಿರೆಳೆದರೆ ಮೂಗು ದಣಿಯುತ್ತದೆ. ಗಾಜಿನ ಗೋಡೆಯಲ್ಲಿ ಇಳಿಯುವ ಗೆರೆಗಳಿಗೆ ‘ಲೆಗ್ಸ್’ ಎಂಬ ಹೆಸರಿದೆ. ಆಲ್ಕೋಹಾಲ್ ಆವಿಯಾಗುವಾಗ ಮೂಡುವ ಗೆರೆಗಳು ಅವು, ಗುಣಮಟ್ಟದ ಗುರುತಲ್ಲ.

ಈಗ ಕಣದಿಂದ ಒಂದು ಹಿಡಿ ಒಣ ಕರಿಮೆಣಸು ತನ್ನಿ. ನಾಲ್ಕು ಕಾಳು ಒರಳಲ್ಲಿ ಜಜ್ಜಿ, ಕೂಡಲೇ ಮೂಸಿ, ಎರಡು ನಿಮಿಷ ಬಿಟ್ಟು ಒಂದು ಲೋಟ ಶಿರಾಜ್ ಎಂಬ ರೆಡ್ ವೈನ್ ಮೂಸಿ. ಮೆಣಸಿನ ನೆರಳು ಸಿಕ್ಕರೆ ಅದು ಕಲ್ಪನೆಯಲ್ಲ. ಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಎಂಬ ಅಂಶವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ಅವರ ಪರೀಕ್ಷೆಯಲ್ಲಿ ಸುಮಾರು ಐದರಲ್ಲೊಬ್ಬರ ಮೂಗಿಗೆ ಇದು ತಿಳಿಯಲೇ ಇಲ್ಲ. ಹಾಗಾಗಿ ಪಕ್ಕದವರಿಗೆ ಸಿಕ್ಕಿದ್ದು ನಿಮಗೆ ಸಿಗದಿದ್ದರೆ ಸುಮ್ಮನೆ ತಲೆಯಾಡಿಸಬೇಡಿ, ‘ನನಗೆ ಬರಲಿಲ್ಲ’ ಎನ್ನಿ.

ಪ್ಯಾಷನ್ ಫ್ರೂಟ್ ಕೊಯ್ದಾಗ ಏಳುವ ಘಾಟು ಘಮ ಸಾವಿನ್ಯೋ ಬ್ಲಾಂಕ್ ಎಂಬ ವೈಟ್ ವೈನ್‌ನಲ್ಲಿ ಬರುವುದೂ ಹೀಗೇ. ಗಂಧಕವಿರುವ ಒಂದೇ ಬಗೆಯ ಅಂಶಗಳು ಎರಡರಲ್ಲೂ ಇವೆ. ಹೂಮಳೆ ಬಿದ್ದು ವಾರ-ಹತ್ತು ದಿನದಲ್ಲಿ ತೋಟ ಬಿಳಿಯಾದಾಗ ಬರುವ, ಮಲ್ಲಿಗೆಯನ್ನು ಹೋಲುವ ಕಾಫಿ ಹೂವಿನ ಘಮವನ್ನು ನೆನಪಿನಲ್ಲಿಡಿ. ವೈನ್‌ನವರು ‘ಫ್ಲೋರಲ್’ ಎಂದಾಗ ಮಸ್ಕಟ್ ಅಥವಾ ವಿಯೋನ್ಯೇ ತಳಿಯ ವೈನ್ ಲೋಟದಲ್ಲಿ ಹುಡುಕಬೇಕಾದ ದಿಕ್ಕು ಅದು. ಬೆಂಗಳೂರು ಬ್ಲೂ ದ್ರಾಕ್ಷಿಯ ವೈನ್‌ನಲ್ಲಿ ದ್ರಾಕ್ಷಿ ಮಿಠಾಯಿಯಂಥ ಗಾಢ ವಾಸನೆ ಇರುತ್ತದೆ, ಅದಕ್ಕೆ ‘ಫಾಕ್ಸಿ’ ಎಂಬ ಪದ.

‘ಓಕಿ’ ಎಂದರೆ ಓಕ್ ಪೀಪಾಯಿಯಲ್ಲಿ ಇಟ್ಟಿದ್ದರಿಂದ ಬಂದ ವೆನಿಲಾ, ಲವಂಗ, ಒಣಕೊಬ್ಬರಿ, ಸುಟ್ಟ ರೊಟ್ಟಿಯ ಘಮ. ಕೊಡಗಿನಲ್ಲಿ ಈ ಪದ ಕೇಳಿದ ಕೂಡಲೇ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಕಣ್ಣಿಗೆ ಬರುತ್ತದೆ. ಅದು ಓಕ್ ಜಾತಿಯೇ ಅಲ್ಲ, ಆಸ್ಟ್ರೇಲಿಯಾದಿಂದ ಬಂದ ಬೇರೆ ಮರ. ಪೀಪಾಯಿಯ ಓಕ್ ಮುಖ್ಯವಾಗಿ ಫ್ರಾನ್ಸ್ ಮತ್ತು ಅಮೆರಿಕದ್ದು.

ಅರೋಮಾ, ಬೊಕೆ ಎಂಬ ಎರಡು ಪದ ಕೇಳುತ್ತೀರಿ. ಹಣ್ಣಿನಿಂದಲೇ ಬಂದದ್ದು ಅರೋಮಾ, ಬಾಟಲಿಯಲ್ಲಿ ವರ್ಷಗಟ್ಟಲೆ ಮಾಗಿ ಬಂದ ಚರ್ಮ, ಒಣಹಣ್ಣು, ಅಣಬೆಯಂಥದ್ದು ಬೊಕೆ. ಶುರುವಿನಲ್ಲಿ ಅರೋಮಾ ಒಂದೇ ಸಾಕು.

ಕೆಟ್ಟಿದ್ದನ್ನು ಹೆಸರಿಟ್ಟು ಹೇಳುವುದು

ಕಾಫಿ ಹಣ್ಣು ಪಲ್ಪಿಂಗ್ ಮಾಡಿ ಲೋಳೆ ಬಿಡಿಸಲು ತೊಟ್ಟಿಯಲ್ಲಿಟ್ಟದ್ದು ಹೊತ್ತು ಮೀರಿದರೆ ಹುಳಿ ವಾಸನೆ ಹೊಡೆಯುತ್ತದೆ. ವೈನ್‌ನಲ್ಲಿ ಅದೇ ತಪ್ಪಿಗೆ ‘ವೊಲಟೈಲ್ ಆಸಿಡಿಟಿ’ ಎನ್ನುತ್ತಾರೆ. ಗಾಳಿ ತಾಗಿದಾಗ ಅಸಿಟಿಕ್ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ವಿನೆಗರ್ ಮಾಡಿರುತ್ತದೆ. ಜೊತೆಗೆ ನೇಲ್ ಪಾಲಿಷ್ ರಿಮೂವರ್ ವಾಸನೆಯೂ ಬರಬಹುದು. ಕಂದು ತಿರುಗಿ, ಕೊಯ್ದಿಟ್ಟ ಸೇಬಿನ ವಾಸನೆ ಬಂದರೆ ‘ಆಕ್ಸಿಡೈಸ್ಡ್’. ಕೊಳೆತ ಮೊಟ್ಟೆಯ ವಾಸನೆ ‘ರಿಡಕ್ಷನ್’, ಇದು ಲೋಟದಲ್ಲಿ ಹತ್ತು ನಿಮಿಷ ಗಾಳಿಯಾಡಿದರೆ ಕೆಲವೊಮ್ಮೆ ಹೋಗುತ್ತದೆ.

‘ಕಾರ್ಕ್ಡ್’ ಎಂದರೆ ವೈನ್‌ನಲ್ಲಿ ಕಾರ್ಕಿನ ಚೂರು ತೇಲುವುದಲ್ಲ. ಟಿಸಿಎ ಎಂಬ ಅಂಶ ಕಾರ್ಕಿನಿಂದ ಇಳಿದು ಒದ್ದೆ ರಟ್ಟಿನ, ಬೂಷ್ಟಿನ ವಾಸನೆ ಬಂದಿದೆ, ಹಣ್ಣಿನ ಘಮ ಸತ್ತಿದೆ ಎಂದರ್ಥ. ಗಾಳಿಯಾಡಿಸಿದರೆ ಇದು ಹೋಗುವುದಿಲ್ಲ, ಬಾಟಲಿ ವಾಪಸ್ ಕೊಡುವುದೇ ಸರಿ. ಇಲ್ಲಿ ಒಂದು ಎಚ್ಚರ: ಜುಲೈ ತಿಂಗಳಲ್ಲಿ ಕೊಡಗಿನ ಬೀರುವೇ ಬೂಷ್ಟು ನಾರುತ್ತದೆ. ಬೀರುವಿನಲ್ಲಿಟ್ಟ ಲೋಟವನ್ನು ಬಿಸಿನೀರಲ್ಲಿ ತೊಳೆದು, ಖಾಲಿ ಲೋಟ ಮೂಸಿ, ಆಮೇಲೆ ವೈನನ್ನು ದೂರಿ.

ಲೇಬಲ್, ತಂಪು, ಊಟ

ವಿಂಟೇಜ್ ಎಂದರೆ ದ್ರಾಕ್ಷಿ ಕೊಯ್ದ ವರ್ಷ, ಬಾಟಲಿ ತುಂಬಿದ ವರ್ಷವಲ್ಲ. ವೆರೈಟಲ್ ಎಂದರೆ ಒಂದು ತಳಿಯ ಹೆಸರಿನಲ್ಲಿ ಮಾರುವ ವೈನ್, ಬ್ಲೆಂಡ್ ಎಂದರೆ ಹಲವು ತಳಿಗಳದು. ‘ರಿಸರ್ವಾ’ ಪದಕ್ಕೆ ಸ್ಪೇನಿನಲ್ಲಿ ಕಾನೂನಿನ ತೂಕವಿದೆ: ರೆಡ್ ಆದರೆ ಕನಿಷ್ಠ 3 ವರ್ಷ ಮಾಗಬೇಕು, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ. ಎಲ್ಲ ದೇಶದ ‘ರಿಸರ್ವ್’ ಪದವೂ ಹೀಗೆ ನಿಯಮಕ್ಕೆ ಕಟ್ಟುಬಿದ್ದದ್ದಲ್ಲ. ಗುಳ್ಳೆಯ ವೈನ್‌ನಲ್ಲಿ ‘ಬ್ರೂಟ್’ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ‘ಎಕ್ಸ್ಟ್ರಾ ಡ್ರೈ’ ಅದಕ್ಕಿಂತ ಸಿಹಿ, 12ರಿಂದ 17 ಗ್ರಾಂ. ಹೆಸರು ನಂಬಿ ಮೋಸಹೋಗುವ ಜಾಗ ಇದು.

ರೆಡ್ ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕೊಡಿ ಎನ್ನುವಾಗ ಹೇಳುವ ಕೋಣೆ ಯುರೋಪಿನದು, 16ರಿಂದ 18 ಡಿಗ್ರಿ. ಡಿಸೆಂಬರ್ ರಾತ್ರಿಯ ಮಡಿಕೇರಿಯಲ್ಲಿ ಬಾಟಲಿ ಮೇಜಿನ ಮೇಲಿದ್ದರೂ ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಏಪ್ರಿಲ್‌ನ ಕುಶಾಲನಗರದಲ್ಲಿ 25 ನಿಮಿಷ ಫ್ರಿಜ್‌ನಲ್ಲಿಡಿ, ಇಲ್ಲವಾದರೆ ಆಲ್ಕೋಹಾಲ್ ಮೂಗಿಗೆ ಹೊಡೆದು ಬೇರೇನೂ ತಿಳಿಯದು. ವೈಟ್‌ಗೆ 8ರಿಂದ 12 ಡಿಗ್ರಿ. ಅತಿ ತಂಪಾದರೆ ಘಮ ಏಳುವುದಿಲ್ಲ, ರೆಡ್‌ನಲ್ಲಿ ಒಗರೂ ಒರಟಾಗುತ್ತದೆ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರರಿಂದ ಐದು ದಿನದಲ್ಲಿ ಮುಗಿಸಿ.

ಖಾರದ ಊಟಕ್ಕೆ ಒಗರೂ ಆಲ್ಕೋಹಾಲೂ ಹೆಚ್ಚಿರುವ ವೈನ್ ಬೇಡ, ಉರಿಗೆ ಉರಿ ಸೇರುತ್ತದೆ. ಪಂದಿ ಕರಿ, ಕಡಂಬುಟ್ಟಿನ (ಅಕ್ಕಿಯ ಕಡುಬು) ಊಟಕ್ಕೆ ಹುಳಿ ಚೆನ್ನಾಗಿರುವ, ಟ್ಯಾನಿನ್ ಮೃದುವಾಗಿರುವ ಶಿರಾಜ್ ಹೊಂದುತ್ತದೆ: ಮೆಣಸಿಗೆ ಮೆಣಸು, ಕಾಚಂಪುಳಿಗೆ ಹುಳಿ. ಹುಳಿ ಕಡಿಮೆಯ ವೈನ್ ಕಾಚಂಪುಳಿಯ ಮುಂದೆ ನೀರಾಗುತ್ತದೆ.

ಹೋಮ್‌ಮೇಡ್ ಬಾಟಲಿಗೂ ಇದೇ ಪದಗಳನ್ನು ಬಳಸಿ, ಆದರೆ ಮೊದಲು ಮುಚ್ಚಳ ಸ್ವಲ್ಪವೇ ತಿರುಗಿಸಿ. ‘ಸ್ಟಿಲ್’ ಎಂದರೆ ಗುಳ್ಳೆಯಿಲ್ಲದ ವೈನ್. ಅಂಥದ್ದು ಎಂದು ಕೊಂಡದ್ದು ಬುಸ್ ಎಂದು ಸದ್ದು ಮಾಡಿದರೆ ಯೀಸ್ಟ್ ಇನ್ನೂ ಸಕ್ಕರೆ ತಿನ್ನುತ್ತಿದೆ, ಅನಿಲ ಕಟ್ಟಿಕೊಳ್ಳುತ್ತಿದೆ. ಬಿಗಿಯಾಗಿ ಮುಚ್ಚಿ ಬೆಚ್ಚಗಿನ ಕಾರಿನಲ್ಲಿಟ್ಟರೆ ಬಾಟಲಿ ಒಡೆಯಬಹುದು. ಲೇಬಲ್ ಮೇಲೆ ಆಲ್ಕೋಹಾಲ್ ಶೇಕಡಾವಾರು ಇಲ್ಲದ ಬಾಟಲಿಯನ್ನು ಸಿಹಿ ಶರಬತ್ತೆಂದು ಎಣಿಸಿ ಕುಡಿದು ಘಾಟಿ ಇಳಿಯಬೇಡಿ. ಸಿಹಿ ಆಲ್ಕೋಹಾಲನ್ನು ಮರೆಮಾಡುತ್ತದೆ.

ರುಚಿ ನೋಡುವಾಗ ಉಗುಳುವುದು ಅಸಭ್ಯವಲ್ಲ, ಪಕ್ಕದಲ್ಲೊಂದು ಖಾಲಿ ಲೋಟ ಇಟ್ಟುಕೊಳ್ಳಿ. ಒಂದು ಗುಟುಕನ್ನು ಐದಾರು ಸೆಕೆಂಡ್ ಬಾಯಲ್ಲಿಟ್ಟು, ನೋಟ್‌ಬುಕ್‌ನಲ್ಲಿ ‘ಚೆನ್ನಾಗಿದೆ’ ಎಂಬ ಪದ ಬಿಟ್ಟು ಬೇರೆಲ್ಲ ಬರೆಯಿರಿ. ಹೀಗೆ: ‘ಶಿರಾಜ್, 13.5 ಶೇಕಡ. ಬಣ್ಣ ನೇರಳೆಗೆಂಪು. ಜಜ್ಜಿದ ಮೆಣಸು, ನೇರಳೆಹಣ್ಣು, ಸ್ವಲ್ಪ ಲವಂಗ. ಡ್ರೈ. ಹುಳಿ ಮಧ್ಯಮ, ಕೆನ್ನೆಯಲ್ಲಿ ನೀರೂರಿತು. ಒಗರು ಮೇಲಿನ ವಸಡಲ್ಲಿ, ಒರಟಿಲ್ಲ. ಬಾಡಿ ಗಟ್ಟಿ ಹಾಲಿನಷ್ಟು. ಎಂಟು ಎಣಿಸುವವರೆಗೆ ಮೆಣಸು ಉಳಿಯಿತು.’