ಮಾಳಿಗೆ ಮೇಲೆ ಸೂರ್ಯನ ಲೆಕ್ಕ

ವಿಜಯಪುರದಲ್ಲಿ ಆಕಾಶ ನೋಡುವ ಹವ್ಯಾಸದವರಿಗೆ ರಾತ್ರಿ ಹೊತ್ತು ನೂರೆಂಟು ತೊಡಕು. ಬೀದಿದೀಪ, ಧೂಳು, ಬೆಳಗಾದರೆ ಶಾಲೆ. ಬಿಸಿಲಿಗೆ ಮಾತ್ರ ನಮ್ಮಲ್ಲಿ ಬರವಿಲ್ಲ. ಹಾಗಾಗಿ ನಾನು ಸೂರ್ಯನನ್ನೇ ಹಿಡಿದೆ: ದೂರದರ್ಶಕದಿಂದ ಬಿಳಿ ಕಾಗದದ ಮೇಲೆ ಬಿಂಬ ಬೀಳಿಸಿ, ಕಂಡ ಸೌರಕಲೆಗಳನ್ನೆಲ್ಲ, ಅಂದರೆ ಸೂರ್ಯನ ಮೈಮೇಲಿನ ಕಪ್ಪು ಮಚ್ಚೆಗಳನ್ನೆಲ್ಲ, ಪೆನ್ಸಿಲ್ಲಿನಲ್ಲಿ ಗುರುತು ಹಾಕುವುದು. ಗಣಿತದ ಮಾಸ್ತರನಿಗೆ ಒಗ್ಗುವ ಕೆಲಸ.

ನನ್ನದು 70 ಮಿ.ಮೀ. ಅಗಲದ, 700 ಮಿ.ಮೀ. ನಾಭಿದೂರದ ಸಾದಾ ಲೆನ್ಸಿನ ದೂರದರ್ಶಕ. ಬಾಯಿಗೆ ರಟ್ಟು ಮುಚ್ಚಿ, ನಡುವೆ 50 ಮಿ.ಮೀ. ತೂತು ಬಿಟ್ಟಿದ್ದೇನೆ, ಒಳಗೆ ಕಾವು ಕಡಿಮೆ. ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ದೂರದರ್ಶಕ, ಫೈಂಡರ್‌ಗೆ ಮುಚ್ಚಳ ಕಡ್ಡಾಯ. ಬೆಳಕನ್ನು ಪಕ್ಕಕ್ಕೆ ತಿರುಗಿಸುವ, ಪ್ಲಾಸ್ಟಿಕ್ ಭಾಗವಿರುವ ಡಯಾಗೊನಲ್ ತೆಗೆದಿಡುತ್ತೇನೆ, ಕರಗಿಬಿಡುತ್ತದೆ. ಐಪೀಸಿಗೆ ಕಣ್ಣು ಹಚ್ಚುವ ಪ್ರಶ್ನೆಯೇ ಇಲ್ಲ. ಅರೆಗಳಿಗೆ ಸಾಕು, ಕಣ್ಣು ಹೋಗುತ್ತದೆ. ಓಣಿಯ ಹುಡುಗರು ಮೇಲೆ ಬಂದಿದ್ದರೆ ನಾನು ನೀರು ಕುಡಿಯಲೂ ಕೆಳಗಿಳಿಯುವುದಿಲ್ಲ. ಸೂರ್ಯನ ಕಡೆ ತಿರುಗಿಸುವಾಗ ಮೇಲೆ ನೋಡಬೇಕಿಲ್ಲ, ನೆಲದ ಮೇಲೆ ಕೊಳವೆಯ ನೆರಳು ಎಲ್ಲಕ್ಕಿಂತ ಚಿಕ್ಕದಾದರೆ ಗುರಿ ಸೇರಿತು ಅಂತಲೇ ಅರ್ಥ.

ಬೆಳಿಗ್ಗೆ ಎಂಟರ ಸುಮಾರಿಗೆ ಕೆಲಸ ಮುಗಿಸುವುದು ಒಳ್ಳೆಯದು. ಮಾಳಿಗೆ ಕಾದ ಮೇಲೆ ಬಿಂಬದ ಅಂಚು ಕುದಿಯತೊಡಗುತ್ತದೆ, ಸಣ್ಣ ಕಲೆಗಳು ಸಿಗುವುದಿಲ್ಲ.

ಕಾಗದದ ಮೇಲೆ ನಾನು ಬರೆದುಕೊಳ್ಳುವ ವೃತ್ತದ ವ್ಯಾಸ 109 ಮಿ.ಮೀ. ಸೂರ್ಯನ ಅಡ್ಡಗಲ ಭೂಮಿಯ 109ರಷ್ಟು. ಅಂದರೆ ಕಾಗದದ ಒಂದು ಮಿಲಿಮೀಟರ್ ಒಂದು ಭೂಮಿ. 20 ಮಿ.ಮೀ. ಐಪೀಸ್ ಹಾಕಿ ಕಾಗದವನ್ನು ಸುಮಾರು 36 ಸೆಂ.ಮೀ. ಹಿಂದೆ ಹಿಡಿದರೆ ಬಿಂಬ ಆ ವೃತ್ತದಲ್ಲಿ ಸರಿಯಾಗಿ ಕೂಡುತ್ತದೆ. ಆಮೇಲೆ ಪಟ್ಟಿ ಹಿಡಿದು ಅಳೆದರೆ ಕಲೆ ಎಷ್ಟು ದೊಡ್ಡದೆಂದು ತಕ್ಷಣ ಗೊತ್ತಾಗುತ್ತದೆ. ಬಿಂಬ ಕನ್ನಡಿಯಲ್ಲಿದ್ದಂತೆ ಎಡಬಲ ತಿರುಗಿರುತ್ತದೆ. ಅಂತರಜಾಲದ ಚಿತ್ರದೊಂದಿಗೆ ಹೋಲಿಸಲು ಹಾಳೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡುತ್ತೇನೆ.

2024ರ ಮೇ ತಿಂಗಳ ಹಾಳೆಗಳನ್ನು ಬೇರೆ ಕಟ್ಟಿ ಇಟ್ಟಿದ್ದೇನೆ. 13664 ಎಂಬ ಸಂಖ್ಯೆಯ ಕಲೆಗಳ ಗುಂಪು ಆಗ ನನ್ನ ವೃತ್ತದಲ್ಲಿ ಒಂದೂವರೆ ಸೆಂಟಿಮೀಟರ್ ಉದ್ದ ಚಾಚಿತ್ತು. ಸಾಲಾಗಿ ಹದಿನೈದು ಭೂಮಿ ಇಡಬಹುದು. 2019ರ ಗ್ರಹಣಕ್ಕೆ ತಂದಿಟ್ಟ ಕನ್ನಡಕದಲ್ಲಿ ದೂರದರ್ಶಕವಿಲ್ಲದೆಯೇ ಕಂಡಿತು. ಅದರಿಂದ ಸಾಲುಸಾಲಾಗಿ ಹೊಮ್ಮಿದ ಸ್ಫೋಟಗಳು ಮೇ 10ರಂದು ಭೂಮಿಗೆ ಬಡಿದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸುವ ಕಾಂತಬಿರುಗಾಳಿ ಎಬ್ಬಿಸಿದವು, ಅದೂ ಎಲ್ಲಕ್ಕಿಂತ ತೀವ್ರವಾದ ಜಿ5 ದರ್ಜೆಯದು. 2003ರ ಅಕ್ಟೋಬರ್ ನಂತರ ಅಂಥದ್ದು ಅದೇ ಮೊದಲು. ಲಡಾಖಿನ ಹಾನ್ಲೆಯಲ್ಲಿ ಆ ರಾತ್ರಿ ಆಕಾಶ ಕೆಂಪಾಗಿ, ಸಾಮಾನ್ಯವಾಗಿ ಧ್ರುವಗಳ ಕಡೆ ಕಾಣುವ ಬೆಳಕು ಅರೋರಾ ಕಂಡಿತು. ಸೂರ್ಯನನ್ನು ನೋಡಲೆಂದೇ ಇಸ್ರೋ ಕಳಿಸಿದ ನಮ್ಮ ನೌಕೆ ಆದಿತ್ಯ-ಎಲ್1ರ ಕಣಗಳನ್ನು ಅಳೆಯುವ ಆಸ್ಪೆಕ್ಸ್ ಮತ್ತು ಕಾಂತಮಾಪಕ ಉಪಕರಣಗಳು ಆ ಸೌರಮಾರುತ, ಅಂದರೆ ಸೂರ್ಯನಿಂದ ಹೊಮ್ಮಿದ ಕಣಗಳ ಹರಿವು, ತಮ್ಮನ್ನು ಹಾದುಹೋಗುವುದನ್ನು ದಾಖಲಿಸಿದವು. ಗುಂಪು ಪಶ್ಚಿಮದ ಅಂಚಿನಲ್ಲಿ ಮರೆಯಾಗಿ, ಸೂರ್ಯನ ಬೆನ್ನು ಸುತ್ತಿ, ತಿಂಗಳ ಕೊನೆಗೆ 13697 ಎಂಬ ಹೊಸ ಸಂಖ್ಯೆ ಹೊತ್ತು ಪೂರ್ವದ ಅಂಚಿನಿಂದ ಮತ್ತೆ ಬಂತು. ಸೂರ್ಯ ನಮ್ಮ ಕಣ್ಣಿಗೆ ಸುಮಾರು 27 ದಿನಕ್ಕೊಮ್ಮೆ ತಿರುಗುತ್ತಾನೆ ಎಂದು ವರ್ಷಗಟ್ಟಲೆ ಪಾಠ ಹೇಳಿದ್ದೆ. ಹಾಳೆಯಲ್ಲಿ ನೋಡಿದ ಸುಖವೇ ಬೇರೆ.

ಪಕ್ಕದ ಮನೆಯ ಕಾಕಾ ಒಂದಿನ ಕೆಳಗಿನಿಂದಲೇ ಕೇಳಿದರು: "ಅಲ್ರೀ ಸರ್, ನಮ್ಮ ಉಪಗ್ರಹ ಸೂರ್ಯಾನ ಹತ್ರ ಹೋಗೇದಂತ ಟಿವ್ಯಾಗ ಹೇಳ್ಯಾರಲ್ಲ, ಸುಟ್ಟು ಹೋಗಂಗಿಲ್ಲೇನ್ರೀ?"

"ಮ್ಯಾಲ ಬರ್ರಿ ಕಾಕಾ, ತೋರಸ್ತೀನಿ" ಅಂದೆ.

ಅದೇ ಅಳತೆಯಲ್ಲಿ ಭೂಮಿ ಒಂದು ಗಸಗಸೆ ಕಾಳು. ವೃತ್ತದಿಂದ ಸುಮಾರು 12 ಮೀಟರ್ ಆಚೆ, ಮಾಳಿಗೆಯ ಆ ತುದಿಯ ಕಟ್ಟೆ ಮೇಲೆ ಅದನ್ನಿಟ್ಟೆ. ಆದಿತ್ಯ-ಎಲ್1 ಇರುವುದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ. ಕಾಳಿನಿಂದ ಈಚೆಗೆ ಹನ್ನೆರಡು ಸೆಂಟಿಮೀಟರ್, ಒಂದು ಗೇಣೂ ಅಲ್ಲ. ಕಾಕಾ ನಕ್ಕರು: "ಹಂಗಾದ್ರ ಮನಿ ಬಾಗಲಾನೂ ದಾಟಿಲ್ಲ ಬಿಡ್ರಿ!"

ದಾಟಬೇಕಾಗಿಯೂ ಇಲ್ಲ. ಅಲ್ಲಿ ಸೂರ್ಯ-ಭೂಮಿಗಳ ಸೆಳೆತ ಹೊಂದಿಕೊಂಡು, ಭೂಮಿಯ ಜೊತೆಗೇ ವರ್ಷಕ್ಕೊಂದು ಸುತ್ತು ಹಾಕಬಹುದು. ಗ್ರಹಣ, ರಾತ್ರಿ ಯಾವುದೂ ಅಡ್ಡ ಬಾರದೆ ಸೂರ್ಯನನ್ನು ನೋಡುತ್ತಿರಬಹುದು. ನಿಜವಾಗಿ ಹತ್ತಿರ ಹೋದದ್ದು ನಾಸಾದ ಪಾರ್ಕರ್ ನೌಕೆ. 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿ.ಮೀ.ಗೆ ಬಂತು. ನಮ್ಮ ಮಾಳಿಗೆಯಲ್ಲಿ ಅದು ವೃತ್ತದ ಅಂಚಿನಿಂದ 48 ಸೆಂ.ಮೀ. "ಸೂರ್ಯನನ್ನು ಮುಟ್ಟಿತು" ಎಂಬ ತಲೆಬರಹ ಓದಿದಾಗೆಲ್ಲ ನನಗೆ ಆ ಪಟ್ಟಿ ನೆನಪಾಗುತ್ತದೆ.

ಕಲೆಗಳನ್ನು ಎಣಿಸುವ ವಿಧಾನ ಹಳೆಯದು, ಹತ್ತೊಂಬತ್ತನೇ ಶತಮಾನದಲ್ಲಿ ಸ್ವಿಸ್ ಖಗೋಳಜ್ಞ ರುಡಾಲ್ಫ್ ವೋಲ್ಫ್ ಹಾಕಿಕೊಟ್ಟದ್ದು: ಗುಂಪುಗಳನ್ನು ಹತ್ತರಿಂದ ಗುಣಿಸಿ, ಬಿಡಿ ಕಲೆಗಳನ್ನು ಕೂಡಿಸಬೇಕು. ಮೂರು ಗುಂಪಿನಲ್ಲಿ ಹದಿನಾಲ್ಕು ಕಲೆ ಇದ್ದರೆ 44. ಮೋಡದ ದಿನ ಖಾಲಿ ಬಿಡುತ್ತೇನೆ, ಅಂದಾಜು ತುಂಬುವುದಿಲ್ಲ.

ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುವುದಕ್ಕೆ ಸೌರಚಕ್ರ ಎನ್ನುತ್ತಾರೆ. ಈಗಿನದು, ಅಂದರೆ 25ನೆಯದು, ಶುರುವಾದದ್ದು 2019ರ ಡಿಸೆಂಬರಿನಲ್ಲಿ. ಅದು ಗರಿಷ್ಠ ಹಂತಕ್ಕೆ ಬಂದಿದೆ ಎಂದು 2024ರ ಅಕ್ಟೋಬರಿನಲ್ಲಿ ಘೋಷಣೆಯಾಯಿತು. ಇನ್ನು ಮೇಲೆ ಕಲೆಗಳು ಕಡಿಮೆಯಾಗುತ್ತ, ಸೂರ್ಯನ ಸಮಭಾಜಕದ ಕಡೆ ಸರಿಯುತ್ತ ಹೋಗಬೇಕು. ಈ ದಶಕ ಮುಗಿಯುವ ಹೊತ್ತಿಗೆ ಕಲೆಯೇ ಇಲ್ಲದ ಬರಿ ವೃತ್ತ ಬರೆದು ತಾರೀಖು ಹಾಕುವ ದಿನಗಳೂ ಬರುತ್ತವೆ. ಹೊಸದಾಗಿ ಶುರುಮಾಡುವವರು ಅಲ್ಲಿಯವರೆಗೆ ಕಾಯಬೇಡಿ. ಕಲೆ ಇರುವಾಗಲೇ ಕೈ ಪಳಗಲಿ.