ಕಲಬುರಗಿ ಬಿಸಿಲಿನಲ್ಲಿ ನಮ್ಮ ಜೋಲುಕಿವಿ ಮೊಲ: ನನ್ನ ಅನುಭವ

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು ಅಲ್ವಾ? ನಮ್ಮ ಮೊಲ ಮಧ್ಯಾಹ್ನ ಹುಲ್ಲು ಮುಟ್ಟದೆ ಜೋರಾಗಿ ಉಸಿರಾಡುತ್ತಾ ಬಿದ್ದಿರುತ್ತಿತ್ತು. ಮೊಲ ನಮ್ಮಂತೆ ಬೆವರುವುದಿಲ್ಲ. ಮೈಬಿಸಿ ಹೋಗುವುದು ಜಾಸ್ತಿ ಕಿವಿಯಿಂದಲೇ. ಜೋತುಬಿದ್ದ ಕಿವಿಗೆ ಗಾಳಿ ತಾಗುವುದೂ ಕಡಿಮೆ.

ಕೂಲರ್ ಹಾಕಿದರೆ ಸದ್ದಿಗೇ ಹೆದರಿತು. ಕೊನೆಗೆ ಕೈಹಿಡಿದದ್ದು ನಮ್ಮ ಶಹಾಬಾದ್ ಕಲ್ಲು! ಕೆಳಗಿನ ಕೋಣೆಯ ಮೂಲೆಯಲ್ಲಿ ಒಂದು ಹಾಸುಗಲ್ಲು ಇಟ್ಟು, ಒದ್ದೆ ಬಟ್ಟೆಯಿಂದ ಒರೆಸಿದೆ. ಪಕ್ಕದಲ್ಲಿ ಬಟ್ಟೆ ಸುತ್ತಿದ ಐಸ್ ಬಾಟಲಿ. ಆಗಾಗ ಒದ್ದೆ ಕೈಯಿಂದ ಕಿವಿಯ ಹೊರಭಾಗ ಸವರುತ್ತೇನೆ. ಮೈಮೇಲೆ ಸುಮ್ನೆ ನೀರು ಸುರಿಯಬೇಡಿ, ಗಾಬರಿಯಾಗುತ್ತದೆ.

ಈಗ ಹುಲ್ಲು ತಿನ್ನುತ್ತಿದೆ, ಹಿಕ್ಕೆಯೂ ಸರಿಯಾಗಿದೆ. ಅರ್ಧ ದಿನ ಏನೂ ತಿನ್ನದಿದ್ದರೆ ಮಾತ್ರ ಕಾಯದೆ ಪಶುವೈದ್ಯರ ಹತ್ತಿರ ಹೋಗಿ. ವಾರಕ್ಕೊಮ್ಮೆ ಕಿವಿ ಎತ್ತಿ ಗುಗ್ಗೆ ಕಟ್ಟಿದೆಯಾ ನೋಡಿ. ಈ ಜಾತಿಗೆ ಅದರ ಕಾಟ ಜಾಸ್ತಿ.